ಎರವಲು ಕೊಟ್ಟ ಹೊಲಿಗೆ ಮಿಷನ್ನು



ಹಿಂದಿನ ಪಾಠದಲ್ಲಿ ನಾವು ಸಂತೆಯ ಲೆಕ್ಕ ಬರೆಯಲು ಕಲಿತೆವು. ಈ ಪಾಠದಲ್ಲಿ ಎರವಲಿನ ಮಾತು.

ಮೊದಲು ಒಂದು ಪ್ರಶ್ನೆ. ಈ ವಾರ ನಿಮ್ಮ ಮನೆಯಿಂದ ಪಕ್ಕದ ಮನೆಗೆ ಏನೇನು ಹೋಯಿತು? ನೆನಪು ಮಾಡಿಕೊಳ್ಳಿ. ಜರಡಿ ಹೋಯಿತೇ? ಮೊರ ಹೋಯಿತೇ? ಏಣಿ, ಕುಡುಗೋಲು, ಕುಕ್ಕರು? ಮದುವೆಗೆ ಉಡೋಕೆ ಅಂತ ರೇಷ್ಮೆ ಸೀರೆ ಹೋಯಿತೇ?

ಎರವಲು ಕೊಡದ ಮನೆ ಇಲ್ಲ. ಎರವಲು ತರದ ಮನೆಯೂ ಇಲ್ಲ. ಎಲ್ಲ ವಸ್ತುವನ್ನೂ ಎಲ್ಲರೂ ಕೊಳ್ಳೋಕೆ ಆಗುತ್ತದೆಯೇ? ಆಗೋದಿಲ್ಲ. ಒಬ್ಬರ ವಸ್ತು ಇನ್ನೊಬ್ಬರ ಕಷ್ಟಕ್ಕೆ ಆಗುತ್ತದೆ. ಇದು ಒಳ್ಳೆಯ ಪದ್ಧತಿ.

ಆದರೆ ಕೊಟ್ಟ ವಸ್ತು ಮುರಿದು ಬಂದರೆ? ಹರಿದು ಬಂದರೆ? ಆಗ ಏನು ಮಾಡಬೇಕು? ಬಾಯಿ ಬಿಟ್ಟು ಕೇಳಿದರೆ ಸ್ನೇಹ ಹೋಗುತ್ತೆ ಅಂತ ಭಯ. ಕೇಳದೆ ಇದ್ದರೆ ಹೊಟ್ಟೆಯಲ್ಲಿ ಉರಿ. ಇಂಥ ಹೊತ್ತಿಗೇ ನಮ್ಮ ಹಿರಿಯರು ಒಂದು ಗಾದೆ ಹೇಳುತ್ತಿದ್ದರು: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ."

ಕೊಟ್ಟವರು ಕೋಡಂಗಿ ಆಗಲೇಬೇಕೇ? ಬೇಕಿಲ್ಲ. ಹೇಗೆ ಅಂತ ಓದೋಣ.

ಓದೋಣ

ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ಕಲಿಕಾ ಕೇಂದ್ರಕ್ಕೆ ಬರುತ್ತೇವೆ. ನಮ್ಮ ಕೇಂದ್ರದಲ್ಲಿ ಇಬ್ಬರು ಗೆಳತಿಯರಿದ್ದರು. ಅವರ ಹೆಸರು ಇಲ್ಲಿ ಬೇಡ. ಒಬ್ಬರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವರನ್ನು ಮಿಷನ್ ಅಕ್ಕ ಅನ್ನೋಣ. ಇನ್ನೊಬ್ಬರು ಹೂವು ಕಟ್ಟಿ ಮಾರುತ್ತಿದ್ದರು. ಅವರನ್ನು ಹೂವಿನ ಅಕ್ಕ ಅನ್ನೋಣ.

ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಒಂದೇ ಪುಸ್ತಕ ನೋಡಿ ಓದುತ್ತಿದ್ದರು. ಒಬ್ಬರು ತಪ್ಪು ಓದಿದರೆ ಇನ್ನೊಬ್ಬರು ನಗುತ್ತಿದ್ದರು.

ಮಿಷನ್ ಅಕ್ಕನ ಹತ್ತಿರ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು ಇತ್ತು. ಹಳೇ ಮಿಷನ್ನು. ಸಂಘದಲ್ಲಿ 6,000 ರೂಪಾಯಿ ಸಾಲ ತೆಗೆದು ಕೊಂಡಿದ್ದರು. ಮನೆಯ ಸೊಪ್ಪು, ತರಕಾರಿ, ಮಕ್ಕಳ ನೋಟ್‌ಬುಕ್ಕು ಎಲ್ಲಾ ಆ ಮಿಷನ್ನಿನ ದುಡಿಮೆಯಿಂದಲೇ.

ಗೌರಿ ಹಬ್ಬಕ್ಕೆ ಇನ್ನು ಹನ್ನೆರಡು ದಿನ ಇತ್ತು. ಹೂವಿನ ಅಕ್ಕ ಬಂದು ಕೇಳಿದರು.

"ಅಕ್ಕಾ, ನಿನ್ನ ಮಿಷನ್ನು ಎರಡು ದಿನ ಕೊಡ್ತೀಯಾ? ಮಗಳಿಗೆ ಲಂಗ ಹೊಲಿಬೇಕು."

"ಅದಕ್ಕೇನಂತೆ, ತಗೊಂಡ್ಹೋಗು. ನಿನಗಿಂತ ಹೆಚ್ಚಾ?"

ಅಷ್ಟೇ ಮಾತು. ಹೂವಿನ ಅಕ್ಕ ಮತ್ತು ಅವರ ಮೈದುನ ಸೇರಿ ಮಿಷನ್ನು ಎತ್ತಿಕೊಂಡು ಹೋದರು. ಮಿಷನ್ನಿಗೆ ಏನಾಗಿದೆ, ಏನಿಲ್ಲ ಅಂತ ಯಾರೂ ನೋಡಲಿಲ್ಲ. ಯಾರು ಹೊಲಿಯುತ್ತಾರೆ ಅಂತ ಕೇಳಲಿಲ್ಲ. ಯಾವ ಬಟ್ಟೆ ಹೊಲಿಯಬಹುದು ಅಂತ ಹೇಳಲಿಲ್ಲ.

ಎರಡು ದಿನ ಆಯಿತು. ಮಿಷನ್ನು ಬರಲಿಲ್ಲ. ನಾಲ್ಕು ದಿನ ಆಯಿತು. ಬರಲಿಲ್ಲ. ಮಿಷನ್ ಅಕ್ಕನ ಮನೆಯಲ್ಲಿ ಹಬ್ಬದ ರವಿಕೆ ಬಟ್ಟೆ ಐದು ಇದ್ದವು. ಕೇಳೋಕೆ ಸಂಕೋಚ. "ಇವತ್ತು ತರ್ತಾಳೆ, ನಾಳೆ ತರ್ತಾಳೆ" ಅಂತ ಕಾದರು.

ಆರನೇ ದಿನ ಮಿಷನ್ ಅಕ್ಕ ಸಂಘದ ಸಭೆಗೆ ಹೋಗಿದ್ದರು. ಅದೇ ಹೊತ್ತಿಗೆ ಮಿಷನ್ನು ಬಂತು. ಮನೆಯಲ್ಲಿ ಮಗ ಒಬ್ಬನೇ ಇದ್ದ. ಹೂವಿನ ಅಕ್ಕ ಮಿಷನ್ನನ್ನು ಪಡಸಾಲೆಯಲ್ಲಿ ಇಳಿಸಿ, "ಅಮ್ಮಂಗೆ ಹೇಳು" ಅಂದು ಹೊರಟುಹೋದರು.

ಸಂಜೆ ಮಿಷನ್ ಅಕ್ಕ ಬಂದು ಹೊಲಿಯಲು ಕೂತರು. ಸೂಜಿ ಇರಲಿಲ್ಲ. ಬೆಲ್ಟು ಹರಿದಿತ್ತು. ಕೈಯಲ್ಲಿ ತಿರುಗಿಸುವ ಚಕ್ರ ಬಿಗಿಯಾಗಿತ್ತು. ಮಿಷನ್ನಿನ ತುಂಬಾ ಕೊಬ್ಬರಿ ಎಣ್ಣೆಯ ವಾಸನೆ. ಶಟಲ್ ತೆಗೆದು ನೋಡಿದರೆ ಒಳಗೆ ಮುರಿದ ಸೂಜಿಯ ತುದಿ ಸಿಕ್ಕಿಕೊಂಡಿತ್ತು.

ಹಬ್ಬಕ್ಕೆ ಆರೇ ದಿನ. ಇಬ್ಬರು ಗಿರಾಕಿಗಳು ರವಿಕೆ ಬಟ್ಟೆ ವಾಪಸು ತೆಗೆದುಕೊಂಡು ಹೋದರು.

ಮಾರನೇ ದಿನ ಕೇಂದ್ರದಲ್ಲಿ ಒಬ್ಬರು ಈ ಗೋಡೆಗೆ ಕೂತರು. ಇನ್ನೊಬ್ಬರು ಆ ಗೋಡೆಗೆ ಕೂತರು. ಅದರ ಮಾರನೇ ದಿನ ಹೂವಿನ ಅಕ್ಕ ಬರಲೇ ಇಲ್ಲ.

ನಾವು ಮಿಷನ್ ಅಕ್ಕನನ್ನು ಕೇಳಿದೆವು. ಅವರು ಹೇಳಿದ ಮಾತು ನಮಗೆ ಇನ್ನೂ ನೆನಪಿದೆ.

"ಮುರಿದಿದ್ದಕ್ಕಲ್ಲ ಟೀಚರ್. ಕಬ್ಬಿಣ, ಇವತ್ತಲ್ಲ ನಾಳೆ ಮುರಿಯುತ್ತೆ. ನನಗೆ ಹೇಳದೆ ಹೋದ್ಲಲ್ಲಾ, ಅದಕ್ಕೆ."

ತಪ್ಪು ಎಲ್ಲಿ ಆಯಿತು?

ನಾವು ಹೂವಿನ ಅಕ್ಕನ ಮನೆಗೂ ಹೋದೆವು. ಅವರು ಒಳಗಿನಿಂದ ಮಣೆ ತಂದು ಹಾಕಿದರು. ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದರು.

ಲಂಗ ಮೊದಲ ದಿನವೇ ಮುಗಿಯಿತಂತೆ. ಆಮೇಲೆ ಮೈದುನ, "ಮಿಷನ್ನು ಹೇಗಿದ್ರೂ ಮನೇಲಿದೆ, ಹೂವು ತುಂಬೋ ಚೀಲ ಹೊಲಿತೀನಿ" ಅಂದನಂತೆ. ಅದು ಟಾರ್ಪಾಲಿನ ಚೀಲ. ಎರಡು ಮಡಿಕೆ ಮಾಡಿ ಹೊಲಿದ. ಸೂಜಿ ಮುರಿಯಿತು. ಚಕ್ರ ಬಿಗಿ ಆಯಿತು. ಸಲೀಸಾಗಲಿ ಅಂತ ಕೊಬ್ಬರಿ ಎಣ್ಣೆ ಬಿಟ್ಟ. ಜೋರಾಗಿ ತುಳಿದ. ಬೆಲ್ಟು ಹರಿಯಿತು.

"ಏನಂತ ಹೇಳ್ಲಿ ಟೀಚರ್? ದುಡ್ಡು ಕೊಡು ಅಂದ್ರೆ ಎಲ್ಲಿಂದ ತರ್ಲಿ? ಹೆದರ್ಕೊಂಡು ಹುಡುಗನ ಕೈಗೆ ಹೇಳಿ ಬಂದ್ಬಿಟ್ಟೆ."

ಈ ಮಿಷನ್ನು ಯಾಕೆ ಹಾಳಾಯಿತು? ಕಾರಣ ತಿಳಿಯೋಣ.

ಹತ್ತಿ ಬಟ್ಟೆ, ರವಿಕೆ, ಲಂಗ ಹೊಲಿಯಲು ಸಾಮಾನ್ಯವಾಗಿ 14 ನಂಬರ್ ಸೂಜಿ ಹಾಕುತ್ತಾರೆ. ದಪ್ಪ ಬಟ್ಟೆಗೆ 16 ಅಥವಾ 18 ನಂಬರ್ ಸೂಜಿ ಬೇಕು. ಸಣ್ಣ ಸೂಜಿಯಲ್ಲಿ ದಪ್ಪ ಬಟ್ಟೆ ಹೊಲಿದರೆ ಸೂಜಿ ಬಾಗುತ್ತದೆ. ಬಾಗಿದ ಸೂಜಿ ಕೆಳಗಿನ ಕಬ್ಬಿಣಕ್ಕೆ ತಾಗಿ ಮುರಿಯುತ್ತದೆ. ಮುರಿದ ಚೂರು ಒಳಗೆ ಬಿದ್ದರೆ ಶಟಲ್ ಗೀಚಿಹೋಗುತ್ತದೆ. ಆಮೇಲೆ ದಾರ ಪದೇ ಪದೇ ಹರಿಯುತ್ತದೆ.

ಮಿಷನ್ನಿಗೆ ಮಿಷನ್ ಎಣ್ಣೆಯನ್ನೇ ಬಿಡಬೇಕು. ಅದು ತೆಳುವಾಗಿ ಹರಿಯುತ್ತದೆ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬಿಟ್ಟರೆ ದಿನ ಕಳೆದಂತೆ ಅಂಟಾಗುತ್ತದೆ. ಧೂಳು, ದಾರದ ಎಳೆ ಹಿಡಿದು ಮಿಷನ್ನು ಬಿಗಿಯುತ್ತದೆ.

ಇದು ಮಿಷನ್ ಅಕ್ಕನಿಗೆ ಗೊತ್ತಿತ್ತು. ಹೂವಿನ ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ. ಗೊತ್ತಿಲ್ಲದವರು ಕೇಳಲಿಲ್ಲ.

ಇನ್ನೊಂದು ವಿಷಯ ಉಂಟು. ಬೆಲ್ಟು ಮೊದಲೇ ಸವೆದಿತ್ತು. ಮಿಷನ್ ಅಕ್ಕ ತಾವೇ ಒಪ್ಪಿಕೊಂಡರು: "ಹೌದು ಟೀಚರ್, ಹಬ್ಬ ಆದ್ಮೇಲೆ ಹೊಸಾದು ಹಾಕ್ಸೋಣ ಅಂತಿದ್ದೆ."

ಹಾಗಾದರೆ ಎಲ್ಲಾ ತಪ್ಪೂ ಒಬ್ಬರದೇ ಆಗಲಿಲ್ಲ. ಅಲ್ಲವೇ?

ಕಾನೂನು ಏನು ಹೇಳುತ್ತದೆ?

ಎರವಲಿಗೂ ಕಾನೂನು ಇದೆ ಅಂದರೆ ನಮ್ಮ ಕೇಂದ್ರದವರು ನಕ್ಕರು. ನಿಜವಾಗಿ ಇದೆ. ಅದು 1872ನೇ ಇಸವಿಯ ಭಾರತೀಯ ಕರಾರು ಕಾಯ್ದೆ. ನಮ್ಮ ಮುತ್ತಜ್ಜಿಯರ ಕಾಲದಿಂದ ಇದೆ. ಇಂದಿಗೂ ನಡೆಯುತ್ತಿದೆ. ಅದರಲ್ಲಿರುವ ಮಾತು ಇಷ್ಟು. ಕಾನೂನಿನ ಭಾಷೆ ಕಷ್ಟ. ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಒಂದು. ಇಸಕೊಂಡವರು ಆ ವಸ್ತುವನ್ನು ಜೋಪಾನ ಮಾಡಬೇಕು. ಬುದ್ಧಿ ಇರುವವರು ತಮ್ಮ ಸ್ವಂತ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾರೋ ಹಾಗೆ ನೋಡಿಕೊಳ್ಳಬೇಕು. (ಸೆಕ್ಷನ್ 151)

ಎರಡು. ಹಾಗೆ ಜೋಪಾನ ಮಾಡಿದರೂ ಹಾಳಾದರೆ ಅವರು ಜವಾಬ್ದಾರರಲ್ಲ. ಬೇರೆ ಮಾತಾಗಿದ್ದರೆ ಮಾತ್ರ ಆ ಮಾತಿನಂತೆ. (ಸೆಕ್ಷನ್ 152)

ಮೂರು. ಯಾವ ಕೆಲಸಕ್ಕೆ ಅಂತ ತಂದರೋ ಆ ಕೆಲಸಕ್ಕೇ ಬಳಸಬೇಕು. ಬೇರೆ ಕೆಲಸಕ್ಕೆ ಬಳಸಿ ಹಾಳಾದರೆ ನಷ್ಟ ಕಟ್ಟಿಕೊಡಬೇಕು. (ಸೆಕ್ಷನ್ 154)

ಇದಕ್ಕೆ ಆ ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ಒಬ್ಬ ತನ್ನ ಕುದುರೆಯನ್ನು ಇನ್ನೊಬ್ಬನಿಗೆ ಕೊಟ್ಟ. "ನೀನು ಮಾತ್ರ ಹತ್ತಬೇಕು" ಅಂದ. ಇಸಕೊಂಡವನು ತನ್ನ ಮನೆಯ ಮತ್ತೊಬ್ಬನಿಗೆ ಹತ್ತಲು ಬಿಟ್ಟ. ಆ ಮನುಷ್ಯ ಹುಷಾರಾಗಿಯೇ ಓಡಿಸಿದ. ಆದರೂ ಕುದುರೆ ಬಿತ್ತು, ಗಾಯ ಆಯಿತು. ನಷ್ಟ ಯಾರು ಕೊಡಬೇಕು? ಇಸಕೊಂಡವನೇ ಕೊಡಬೇಕು. ನಮ್ಮ ಕಥೆಯಲ್ಲಿ ಕುದುರೆಯ ಬದಲು ಮಿಷನ್ನು ಬಂದಿದೆ. ಆದರೆ "ನೀನೇ ಹೊಲಿಬೇಕು" ಅನ್ನುವ ಮಾತನ್ನು ಮಿಷನ್ ಅಕ್ಕ ಆಡಲಿಲ್ಲ. ಆಡಿದ್ದರೆ ಕೇಳುವ ಬಾಯಿಗೆ ಬಲ ಇರುತ್ತಿತ್ತು.

ನಾಲ್ಕು. ಕೊಡುವ ವಸ್ತುವಿನಲ್ಲಿ ಅಪಾಯ ಆಗುವಂಥ ದೋಷ ಇದ್ದು, ಅದು ಕೊಡುವವರಿಗೆ ಗೊತ್ತಿದ್ದರೆ, ಮೊದಲೇ ಹೇಳಬೇಕು. ಹೇಳದೆ ಕೊಟ್ಟು ಅದರಿಂದ ಇಸಕೊಂಡವರಿಗೆ ನಷ್ಟ ಆದರೆ ಕೊಟ್ಟವರದೇ ಜವಾಬ್ದಾರಿ. (ಸೆಕ್ಷನ್ 150) ಹಾಯುವ ಹಸುವನ್ನು "ಸಾಧು ಹಸು" ಅಂತ ಕೊಟ್ಟು ಕಳಿಸಬಾರದು.

ಐದು. ಹೇಳಿದ ದಿನಕ್ಕೆ ಕೇಳದೆಯೇ ತಂದುಕೊಡಬೇಕು. ತಡಮಾಡಿದ ದಿನಗಳಲ್ಲಿ ವಸ್ತುವಿಗೆ ಏನಾದರೂ ಆದರೆ ತಡಮಾಡಿದವರೇ ಹೊರಬೇಕು. (ಸೆಕ್ಷನ್ 160 ಮತ್ತು 161)

ಈ ಐದು ಮಾತು ಹೊಸದಲ್ಲ. ನಮ್ಮ ಅಜ್ಜಿಯರೂ ಇದನ್ನೇ ಹೇಳುತ್ತಿದ್ದರು.

ಹಾಗಂತ 600 ರೂಪಾಯಿಗೆ ಕೋರ್ಟಿಗೆ ಓಡಬೇಕೇ? ಬೇಡ. ಮೊದಲು ಮಾತು. ಮಾತಿಗೆ ಬಗ್ಗದಿದ್ದರೆ ಸಂಘದ ಹಿರಿಯರು. ದೊಡ್ಡ ನಷ್ಟವಾಗಿದ್ದು ಯಾರ ಮಾತಿಗೂ ಬಗ್ಗದಿದ್ದರೆ ಮಾತ್ರ ಕಾನೂನಿನ ಬಾಗಿಲು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಕಾನೂನು ನೆರವು ಉಚಿತ. ಆದಾಯ ಎಷ್ಟು ಅಂತ ಹೆಂಗಸರನ್ನು ನೋಡುವುದಿಲ್ಲ. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿ ಕೇಳಬಹುದು.

ಲೆಕ್ಕ ಮಾಡೋಣ

ನಮ್ಮ ಕಥೆಗೆ ಬರೋಣ. ರಿಪೇರಿಯವರು ಬಂದು ನೋಡಿದರು. ಚೀಟಿ ಬರೆದುಕೊಟ್ಟರು.

ಶಟಲ್ — 180 ರೂಪಾಯಿ
ಬಾಬಿನ್ ಕೇಸು — 70 ರೂಪಾಯಿ
ಬೆಲ್ಟು — 90 ರೂಪಾಯಿ
ಸೂಜಿ — 10 ರೂಪಾಯಿ
ಶುಚಿ ಮಾಡಿದ ಕೂಲಿ — 250 ರೂಪಾಯಿ
ಒಟ್ಟು — 600 ರೂಪಾಯಿ

ನೀವೂ ಕೂಡಿ ನೋಡಿ. ಸರಿ ಬಂತೇ?

ಆ ಸಂಜೆ ನಾವು ಬೇರೆ ಪಾಠ ಮಾಡಬೇಕಿತ್ತು. ಅದನ್ನು ಬಿಟ್ಟೆವು. "ನಿಮ್ಮ ಮನಸ್ಸಿನಲ್ಲಿ ಇರೋದನ್ನು ಸ್ಲೇಟಿನ ಮೇಲೆ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ" ಅಂದೆವು. ಹೂವಿನ ಅಕ್ಕ ಬಹಳ ಹೊತ್ತು ಕೂತರು. ಬರೆದರು, ಅಳಿಸಿದರು, ಮತ್ತೆ ಬರೆದರು. ಆಮೇಲೆ ಎದ್ದು ಹೋಗಿ ಸ್ಲೇಟನ್ನು ಮಿಷನ್ ಅಕ್ಕನ ಮುಂದೆ ಇಟ್ಟರು.

ಅದರಲ್ಲಿ ಹೀಗಿತ್ತು:

"ತಪ್ಪು ನಂದು. ಮೈದುನ ಚೀಲ ಹೊಲಿದ. ಎದರಿಕೆ ಆಯ್ತು. ದುಡ್ಡು ಕೊಡ್ತೀನಿ."

ಎದರಿಕೆ ಅಲ್ಲ, ಹೆದರಿಕೆ. ಅವತ್ತು ನಾವು ತಿದ್ದಲಿಲ್ಲ.

ಮಿಷನ್ ಅಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಎರಡು ಸಲ ಓದಿದರು. ಆಮೇಲೆ ಹೇಳಿದರು: "ಬೆಲ್ಟು ಮೊದಲೇ ಹೋಗಿತ್ತು ಕಣೇ. ಅದು ನಂದು."

ಬೆಲ್ಟಿನ 90 ರೂಪಾಯಿ ಮಿಷನ್ ಅಕ್ಕನದು. 600ರಲ್ಲಿ 90 ಕಳೆದರೆ ಎಷ್ಟು? 510 ರೂಪಾಯಿ. ಅದು ಹೂವಿನ ಅಕ್ಕನದು. ಒಂದೇ ಸಲ ಕೊಡೋಕೆ ಆಗಲಿಲ್ಲ. ಆರು ವಾರ ಕಂತು ಮಾಡಿಕೊಂಡರು. ವಾರಕ್ಕೆ ಎಷ್ಟು? 85 ರೂಪಾಯಿ. ಆರು ಸಲ 85 ಎಷ್ಟಾಯಿತು, ಲೆಕ್ಕ ಹಾಕಿ ನೋಡಿ. ಪ್ರತಿ ವಾರ ಕೊಟ್ಟಾಗಲೂ ಇಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ರುಜು ಹಾಕಿದರು. ಇಬ್ಬರಿಗೂ ಅದು ಹೊಸ ಅಭ್ಯಾಸ. ಹೆಬ್ಬೆಟ್ಟು ಒತ್ತುತ್ತಿದ್ದ ಕೈಗಳು ಅವು.

ಕೈಬಿಟ್ಟುಹೋದ ಎರಡು ರವಿಕೆಯ ಕೂಲಿ? ಅದನ್ನು ಮಿಷನ್ ಅಕ್ಕ ಕೇಳಲಿಲ್ಲ. ಆದರೆ ಹೂವಿನ ಅಕ್ಕ ತಾವಾಗಿಯೇ ಎರಡು ಸಂಜೆ ಬಂದು ಕೂತರು. ಉಳಿದ ಮೂರು ರವಿಕೆಗಳಿಗೆ ಹುಕ್ಕು ಹಾಕಿಕೊಟ್ಟರು. ಮೂರೂ ರವಿಕೆ ಹಬ್ಬದ ಹಿಂದಿನ ದಿನ ಗಿರಾಕಿಗಳ ಮನೆ ಸೇರಿದವು.

ಮಿಷನ್ನು ಈಗಲೂ ಸ್ವಲ್ಪ ಸದ್ದು ಮಾಡುತ್ತದೆ. ಮೊದಲಿನ ಹಾಗೆ ಆಗಿಲ್ಲ. ಇಬ್ಬರೂ ಒಂದೇ ಚಾಪೆಗೆ ಬರೋಕೂ ಒಂದು ತಿಂಗಳು ಹಿಡಿಯಿತು. ಆದರೆ ಬಂದರು.

ಕೊಡುವ ಮೊದಲು ಮೂರು ಕೆಲಸ

ಎರವಲಲ್ಲಿ ಎರಡು ಬಗೆ. ಅಕ್ಕಿ, ಸಕ್ಕರೆ, ಕಾಫಿಪುಡಿ ತಂದರೆ ಅದು ಖರ್ಚಾಗುತ್ತದೆ. ಒಂದು ಪಾವು ತಂದರೆ ಒಂದು ಪಾವು ತಿರುಗಿ ಕೊಟ್ಟರೆ ಆಯಿತು. ಮಿಷನ್ನು, ಸೀರೆ, ಪಾತ್ರೆ ಹಾಗಲ್ಲ. ತಂದ ವಸ್ತುವನ್ನೇ ತಿರುಗಿ ಕೊಡಬೇಕು. ಅದಕ್ಕೇ ಈ ಎರಡನೇ ಬಗೆಯಲ್ಲಿ ಜಗಳ ಹೆಚ್ಚು.

ಜಗಳ ಬೇಡ ಅಂದರೆ ಮೂರು ಕೆಲಸ ಮಾಡೋಣ. ನೋಡಿ ಕೊಡೋಣ. ಹೇಳಿ ಕೊಡೋಣ. ಬರೆದು ಕೊಡೋಣ.

ನೋಡಿ ಕೊಡೋಣ. ವಸ್ತುವನ್ನು ಇಬ್ಬರೂ ಸೇರಿ ನೋಡಿ. ಎಲ್ಲಿ ಗೀರಿದೆ, ಎಲ್ಲಿ ನೆಗ್ಗಿದೆ, ಏನು ಸವೆದಿದೆ ಅಂತ ತೋರಿಸಿ. ಮೊಬೈಲು ಇದ್ದರೆ ಒಂದು ಫೋಟೋ ತೆಗೆದಿಡಿ.

ಹೇಳಿ ಕೊಡೋಣ. ಯಾರು ಬಳಸಬಹುದು, ಯಾವ ಕೆಲಸಕ್ಕೆ, ಎಷ್ಟು ದಿನ ಅಂತ ಹೇಳಿ. ಏನು ಮಾಡಬಾರದು ಅಂತಲೂ ಹೇಳಿ. ಒಂದೊಂದು ವಸ್ತುವಿಗೆ ಒಂದೊಂದು ಮಾತು ಇದೆ.

ಕುಕ್ಕರು: ನೀರಿಲ್ಲದೆ ಒಲೆಯ ಮೇಲೆ ಇಡಬೇಡಿ. ನೀರು ಆರಿದರೆ ಸೇಫ್ಟಿ ವಾಲ್ವು ಕರಗುತ್ತದೆ. ರಬ್ಬರನ್ನು ತೊಳೆದು ಕೊಡಿ.

ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ: ಬರಿದಾಗಿ ಒಲೆಯ ಮೇಲೆ ಇಡಬೇಡಿ. ಕಲಾಯಿ ಅಂದರೆ ತವರ. ಅದು ಸುಮಾರು 232 ಡಿಗ್ರಿ ಕಾವಿಗೇ ಕರಗುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿ, ಮೊಸರು ಇಟ್ಟರೆ ಕಿಲುಬು ಹತ್ತುತ್ತದೆ. ಅದನ್ನು ಉಂಡರೆ ವಾಂತಿ ಆಗುತ್ತದೆ.

ರೇಷ್ಮೆ ಸೀರೆ: ಕಲೆ ಆದರೆ ತಿಕ್ಕಬೇಡಿ. ನೀವೇ ಒಗೆಯಬೇಡಿ. ಕಲೆ ಆಗಿದೆ ಅಂತ ಕೂಡಲೇ ಹೇಳಿ. ಡ್ರೈ ಕ್ಲೀನಿಂಗ್‌ಗೆ ಕೊಡೋದು ಬೇಗ ಆದಷ್ಟು ಒಳ್ಳೆಯದು.

ಹೊಲಿಗೆ ಮಿಷನ್ನು: ದಪ್ಪ ಬಟ್ಟೆ ಬೇಡ. ಬೇರೆ ಎಣ್ಣೆ ಬೇಡ. ಸೂಜಿ ಮುರಿದರೆ ನಿಲ್ಲಿಸಿ, ಚೂರು ಹುಡುಕಿ ತೆಗೆಯಿರಿ.

ಬರೆದು ಕೊಡೋಣ. "ಅಯ್ಯೋ, ಗೆಳತಿಯ ಹತ್ತಿರ ಚೀಟಿ ಬರೆಸಿಕೊಳ್ಳೋದಾ? ನಂಬಿಕೆ ಇಲ್ಲವಾ?" ಅಂತ ಕೆಲವರು ಕೇಳುತ್ತಾರೆ. ನಂಬಿಕೆ ಇಲ್ಲದವರಿಗೆ ನಾವು ವಸ್ತು ಕೊಡುವುದೇ ಇಲ್ಲ. ನಂಬಿಕೆ ಇರುವುದರಿಂದಲೇ ಕೊಡುತ್ತೇವೆ. ಅದು ಉಳಿಯಲಿ ಅಂತ ಬರೆಯುತ್ತೇವೆ. ಮಾತು ಮರೆಯುತ್ತದೆ. ಅಕ್ಷರ ಮರೆಯುವುದಿಲ್ಲ. ಮೊದಲು ನಮಗೆ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಈಗ ಬರುತ್ತದೆ.

ಚೀಟಿ ಹೀಗಿರಲಿ:

ದಿನಾಂಕ: ...............
ಕೊಟ್ಟವರು: ...............
ಇಸಕೊಂಡವರು: ...............
ವಸ್ತು: ಹೊಲಿಗೆ ಮಿಷನ್ನು, ಒಂದು
ಈಗ ಹೇಗಿದೆ: ಬೆಲ್ಟು ಸವೆದಿದೆ. ಉಳಿದದ್ದು ಸರಿ ಇದೆ.
ಯಾವ ಕೆಲಸಕ್ಕೆ: ಮಗಳ ಲಂಗ ಹೊಲಿಯಲು
ಯಾರು ಬಳಸುತ್ತಾರೆ: ಇಸಕೊಂಡವರು ಮಾತ್ರ
ತಂದುಕೊಡುವ ದಿನ: ...............
ಇಬ್ಬರ ರುಜು: ............... ...............

ಎಂಟು ಹತ್ತು ಸಾಲು. ಬರೆಯೋಕೆ ಐದು ನಿಮಿಷ.

ಹಾಳಾದ ಮೇಲೆ

ಇಸಕೊಂಡವರಿಗೆ ಮಾತು. ವಸ್ತು ಹಾಳಾದರೆ ಅವತ್ತೇ ಹೋಗಿ ಹೇಳಿ. ಬಚ್ಚಿಡಬೇಡಿ. ಮಕ್ಕಳ ಕೈಯಲ್ಲಿ ಕಳಿಸಬೇಡಿ. ನೀವೇ ರಿಪೇರಿ ಮಾಡಲು ಹೋಗಿ ಇನ್ನಷ್ಟು ಕೆಡಿಸಬೇಡಿ. "ಹೀಗಾಯಿತು, ನಾನು ಸರಿ ಮಾಡಿಸಿ ಕೊಡ್ತೀನಿ" ಅನ್ನಿ. ದುಡ್ಡು ಇಲ್ಲದಿದ್ದರೆ ಕಂತು ಕೇಳಿ. ಕೈಕೆಲಸ ಮಾಡಿಕೊಟ್ಟು ತೀರಿಸಬಹುದು. ಬಡತನಕ್ಕೆ ನಾಚಿಕೆ ಬೇಡ. ಬಚ್ಚಿಟ್ಟರೆ ಮಾತ್ರ ನಾಚಿಕೆ.

ಕೊಟ್ಟವರಿಗೆ ಮಾತು. ಬೀದಿಯಲ್ಲಿ ನಿಂತು ಕೂಗಬೇಡಿ. ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ ಹೇಳಬೇಡಿ. ಒಬ್ಬರನ್ನೇ ಕರೆದು ಕೇಳಿ. ಏನಾಯಿತು ಅಂತ ಮೊದಲು ಕೇಳಿಸಿಕೊಳ್ಳಿ. ಹಳೇ ವಸ್ತುವಿಗೆ ಹೊಸ ವಸ್ತುವಿನ ಬೆಲೆ ಕೇಳಬೇಡಿ. ಆದರೆ ನಿಮ್ಮ ನಷ್ಟವನ್ನು ನುಂಗಿಕೊಳ್ಳಲೂ ಬೇಡಿ. ನುಂಗಿದ ಸಿಟ್ಟು ಸ್ನೇಹವನ್ನು ಒಳಗಿಂದ ತಿನ್ನುತ್ತದೆ.

ಇಲ್ಲ ಅನ್ನುವುದೂ ಕಲಿಯೋಣ

ಎಲ್ಲ ವಸ್ತುವನ್ನೂ ಎಲ್ಲರಿಗೂ ಕೊಡಬೇಕಾಗಿಲ್ಲ. ಯಾವ ವಸ್ತುವಿನಿಂದ ನಮ್ಮ ಒಲೆ ಉರಿಯುತ್ತದೋ ಅದನ್ನು ಕೊಡುವ ಮೊದಲು ಎರಡು ಸಲ ಯೋಚಿಸೋಣ. ಮಿಷನ್ ಅಕ್ಕ ಈಗ ಹೀಗೆ ಹೇಳುತ್ತಾರೆ: "ಮಿಷನ್ನು ಮನೆ ಬಿಟ್ಟು ಹೋಗಲ್ಲ ಕಣಮ್ಮ. ನೀನೇ ಬಾ. ಇಲ್ಲೇ ಕೂತು ಹೊಲಿ. ನಾನೂ ಜೊತೇಲಿ ಇರ್ತೀನಿ." ಹೀಗೆ ಹೇಳಿದರೆ ಗೆಳತಿಯ ಕೆಲಸವೂ ಆಗುತ್ತದೆ. ಮಿಷನ್ನೂ ಉಳಿಯುತ್ತದೆ.

ಮೈಮೇಲಿನ ಚಿನ್ನ ಕೊಡುವಾಗ ಮನೆಯವರ ಜೊತೆ ಮಾತಾಡಿ, ಬರೆದು ಕೊಡಿ. ಆಧಾರ್ ಕಾರ್ಡು, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕ, ಎಟಿಎಂ ಕಾರ್ಡು — ಇವನ್ನು ಎರವಲು ಕೊಡಲೇಬೇಡಿ. ಎಷ್ಟೇ ಬೇಕಾದವರು ಕೇಳಿದರೂ ಕೊಡಬೇಡಿ. ಎಟಿಎಂನ ಗುಟ್ಟಿನ ಅಂಕಿಯನ್ನು ಯಾರಿಗೂ ಹೇಳಬೇಡಿ.

ಹೊಸ ಪದಗಳು

ಗಟ್ಟಿಯಾಗಿ ಓದಿ. ಆಮೇಲೆ ನೋಡಿ ಬರೆಯಿರಿ.

ಎರವಲು — ವಾಪಸು ಕೊಡುತ್ತೇನೆ ಅಂತ ತಂದ ವಸ್ತು
ಜೋಪಾನ — ಹುಷಾರಾಗಿ ನೋಡಿಕೊಳ್ಳುವುದು
ಜವಾಬ್ದಾರಿ — ಹೊಣೆ
ನಷ್ಟ — ಕಳೆದುಕೊಂಡದ್ದು
ಕಂತು — ಸ್ವಲ್ಪ ಸ್ವಲ್ಪವಾಗಿ ಕೊಡುವ ಹಣದ ಒಂದು ಭಾಗ
ರುಜು — ಸಹಿ

ಮಾತಾಡೋಣ, ಬರೆಯೋಣ

1. ಮಿಷನ್ ಅಕ್ಕನಿಗೆ ಯಾವುದರಿಂದ ಹೆಚ್ಚು ನೋವಾಯಿತು? ಮಿಷನ್ನು ಮುರಿದದ್ದರಿಂದಲೋ, ಹೇಳದೆ ಹೋದದ್ದರಿಂದಲೋ?

2. ಬೆಲ್ಟಿನ ದುಡ್ಡನ್ನು ಮಿಷನ್ ಅಕ್ಕ ತಾವೇ ಕೊಟ್ಟದ್ದು ಸರಿಯೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

3. ತಪ್ಪು ಮೈದುನನದು. ದುಡ್ಡು ಕೊಟ್ಟವರು ಹೂವಿನ ಅಕ್ಕ. ಇದರ ಬಗ್ಗೆ ನಿಮ್ಮ ಮಾತು ಏನು?

4. ಪಕ್ಕದ ಮನೆಯವರು ನಿಮ್ಮ ಕುಕ್ಕರು ಕೇಳಿದ್ದಾರೆ. ಯಾವ ಮೂರು ಮಾತು ಹೇಳಿ ಕೊಡುತ್ತೀರಿ? ಬರೆಯಿರಿ.

5. ನಿಮ್ಮ ಮನೆಯಲ್ಲಿ ಈಗ ಬೇರೆಯವರ ವಸ್ತು ಏನಾದರೂ ಇದೆಯೇ? ಮನೆಗೆ ಹೋಗಿ ನೋಡಿ. ಅದರ ಹೆಸರು, ತಂದ ದಿನ, ಕೊಡಬೇಕಾದ ದಿನ ಬರೆದುಕೊಂಡು ಬನ್ನಿ.

ಐದನೇ ಪ್ರಶ್ನೆಗೆ ನಾವೂ ಉತ್ತರ ಬರೆದೆವು. ನಮ್ಮ ಮನೆಯಲ್ಲಿ ಪಕ್ಕದ ಮನೆಯ ಏಣಿ ಇತ್ತು. ತಂದು ನಾಲ್ಕು ತಿಂಗಳಾಗಿತ್ತು. ಒಂದು ಮೆಟ್ಟಿಲು ಸಡಿಲ ಆಗಿತ್ತು. ಮೊಳೆ ಹೊಡೆಸಿ, ಹೋಗಿ ಹೇಳಿ, ಕೊಟ್ಟು ಬಂದೆವು.

ನೀವೂ ನೋಡಿ ಬನ್ನಿ. ನಾಳೆ ಸಂಜೆ ಓದೋಣ.